ಫೋನ್ ಹತ್ತವಲ್ದು, ‘ಗೆಟ್’ ತಲಿಗಿ ಹತ್ತವಲ್ದು

ಪ್ರಶ್ನೆ: ಸರ, ನಮಸ್ಕಾರ್ರಿ. ನಾ ಶಹಾಪುರ ತಾಲೂಕಿನಾಕಿ, ಕಲಬುರಗಿಯೊಳಗ ನರ್ಸಿಂಗ್ ಮುಗಿಸಿ ಈಗ ಫಾರಿನ್‌ಗೆ ಹೋಗ್ಬೇಕಂತ ಓಇಟಿ ಅಂತ ದವಾಖಾನಿ ಮಂದಿಗಿ ಇಡೋ ಇಂಗ್ಲಿಷ್ ಪರೀಕ್ಷಾಕ್ಕ ತಯಾರಿ ಮಾಡ್ಲಾಕತ್ತೀನಿ. ಹತ್ತನೇ ತನಕ ಕನ್ನಡ ಮೀಡಿಯಂ. ಟ್ಯಾಕಿಕಾರ್ಡಿಯಾ (ಎದಿ ಲಗೂ ಲಗೂ ಬಡಿಯೋದು), ಹೈಪೊಗ್ಲೈಸೀಮಿಯಾ (ರಕ್ತದಾಗ ಸಕ್ರಿ ಕಡಿಮಿ ಆಗೋದು) ಅಂದ್ರ ನಿದ್ದಿಗಣ್ಣಾಗೂ ಅರ್ಥ ಹೇಳ್ತೀನ್ರಿ. ಆದ್ರ ಮೊನ್ನಿ ರೋಲ್‌ಪ್ಲೇ ಪ್ರಾಕ್ಟೀಸ್ ಒಳಗ ಪೇಷಂಟ್ ಆದಾಕಿ ‘ಐ ಥ್ರ್ಯೂ ಅಪ್ ಟ್ವೈಸ್, ದೆನ್ ಐ ಪಾಸ್ಡ್ ಔಟ್’ ಅಂದ್ಲು, ನಾ ಸುಮ್ಮ ನಿಂತ್ಬಿಟ್ಟೆ. ಗೆಟ್, ಪುಟ್, ಟೇಕ್, ಸೆಟ್, ಅವುಗಳ ಬೆನ್ನಿಗಿ ಒಂದು ಅಪ್, ಔಟ್, ಆಫ್. ಡಿಕ್ಷನರಿ ತೆಗದ್ರ ಒಂದೊಂದಕ್ಕೂ ಪುಟಗಟ್ಟಲೆ ಅರ್ಥ ಅವ. ಎಲ್ಲಾ ಬಾಯಿಪಾಠ ಮಾಡ್ಬೇಕೇನ್ರಿ?

ಉತ್ತರ: ಬ್ಯಾಡವ್ವಾ, ಆ ಕೆಲಸಕ್ಕ ಕೈ ಹಾಕ್ಬ್ಯಾಡ. ಆಕ್ಸ್‌ಫರ್ಡ್‌ನವರ ದೊಡ್ಡ ಇಂಗ್ಲಿಷ್ ಡಿಕ್ಷನರಿ 1989ರ ಆವೃತ್ತಿಯೊಳಗ ‘ಸೆಟ್’ ಅನ್ನೋ ಮೂರಕ್ಷರದ ಪದಕ್ಕ ಸುಮಾರು 430 ಅರ್ಥ ಕೊಟ್ಟಿದ್ರು, ಆ ಒಂದು ಪದದ ವಿವರಣೆನೇ ಸುಮಾರು 60,000 ಪದ ಆಗಿತ್ತು, ಅಂದ್ರ ಒಂದು ಸಣ್ಣ ಕಾದಂಬರಿ ಅಷ್ಟು. ಈಗ ಆ ಪಟ್ಟ ‘ರನ್’ ಕಸ್ಕೊಂಡದ, ಕ್ರಿಯಾಪದ ಒಂದಕ್ಕ 645 ಅರ್ಥ ಲೆಕ್ಕ ಹಾಕ್ಯಾರ. ಇಂಗ್ಲಿಷ್‌ನಾಗೆ ಹುಟ್ಟಿ ಬೆಳದಾವ್ರೂ ಇವನ್ನ ಎಣಿಸಿ ಕಲ್ತಿಲ್ಲ. ನೀನೂ ಎಣಿಸದ ಕಲ್ತಿದ್ದು ಒಂದದ, ಅದರಿಂದಾನೇ ಶುರು ಮಾಡ್ತೀನಿ, ಯಾಕಂದ್ರ ಮೂವತ್ತು ವರ್ಷ ಡಿಗ್ರಿ ಹುಡುಗ್ರಿಗಿ ಇಂಗ್ಲಿಷ್ ಹೇಳಿ ಕೊಟ್ಟ ಮ್ಯಾಲ ನಂಗ ತಿಳಿದಿದ್ದು ಇದೊಂದೇ.

‘ಹತ್ತು’ ಅನ್ನೋ ಪದ ತಗೋ. ನೀ ಬಸ್ ಹತ್ತಿ ಬರ್ತಿ. ಮೆಟ್ಲ ಹತ್ತಿ. ಬಣವಿಗಿ ಬೆಂಕಿ ಹತ್ತದ. ರಾತ್ರಿ ನಿದ್ದಿ ಹತ್ತವಲ್ದು. ಶಹಾಪುರದ ಕಡಿ ಹೋದ್ರ ಫೋನ್ ಹತ್ತಂಗಿಲ್ಲ. ಮನಿ ಕಟ್ಲಾಕ ರೊಕ್ಕ ಭಾಳ ಹತ್ತತದ, ಟೈಮೂ ಹತ್ತತದ. ನಾಯಿ ಬೆನ್ನ ಹತ್ತಿತು. ಕೂಸಿಗಿ ಸಕ್ರಿ ರುಚಿ ಹತ್ಯದ. ಪಾಠ ತಲಿಗಿ ಹತ್ತಿಲ್ಲ. ಇಷ್ಟೆಲ್ಲಾ ಬಿಟ್ಟು, ನೀ ಪ್ರಶ್ನಾದಾಗ ಬರದಿಯಲ್ಲ ‘ತಯಾರಿ ಮಾಡ್ಲಾಕತ್ತೀನಿ’ ಅಂತ, ಅದರೊಳಗ ಕುಂತಿದ್ದೂ ಇದೇ ಹತ್ತು, ಮಾಡ್ಲಾಕ ಹತ್ತೀನಿ. ಅಲ್ಲಿ ಅದಕ್ಕ ಸ್ವಂತ ಅರ್ಥಾನೇ ಇಲ್ಲ, ಕೆಲಸ ನಡದದ ಅಂತ ತೋರ್ಸೋ ಗುರುತು ಆಗಿ ಬಿಟ್ಟದ, ಇಂಗ್ಲಿಷ್‌ನಾಗ ‘ಇಂಗ್’ ಮಾಡೋ ಕೆಲಸ. ಇದನ್ನ ಯಾವ ಸಾಲಿ ಮಾಸ್ತರೂ ನಿಂಗ ಹೇಳಿ ಕೊಟ್ಟಿಲ್ಲ. ಬೆಂಗಳೂರಿಂದ ಬಂದ ಆಫೀಸರ್ ಒಬ್ರು ‘ಫೋನ್ ಹತ್ತೋದು ಅಂದ್ರೆ ಏನ್ರೀ, ಫೋನೇನು ಗುಡ್ಡಾನಾ’ ಅಂತ ನಂಗ ಕೇಳಿದ್ರು, ಕನ್ನಡದವರೇ ಅವರು.

ಈಗ ಇದರ ಬೇರು ನೋಡು. ಹಳಗನ್ನಡದಾಗ ಇದು ‘ಪತ್ತು’, ಅಂಟ್ಕೊಳ್ಳೋದು, ತಾಗೋದು ಅಂತ ಅದರ ಅರ್ಥ. ಬೆಂಕಿ ತಾಗ್ತದ, ನಿದ್ದಿ ಬಂದು ಅಂಟ್ಕೊಳ್ತದ, ಫೋನ್ ಆ ಕಡಿಗಿ ಹೋಗಿ ತಾಗ್ತದ, ಬೆನ್ನಿಗಿ ಅಂಟ್ಕೊಂಡು ನಾಯಿ ಬರ್ತದ. ಎಲ್ಲಾ ಒಂದೇ ಮನಿ ಮಕ್ಕಳು. ಆದ್ರ ಎಂಟು ಒಂಬತ್ತು ಹತ್ತು ಅಂತೀವಲ್ಲ, ಆ ಹತ್ತು ಈ ಮನ್ಯಾಂವ ಅಲ್ಲ, ಹೆಸರಷ್ಟೇ ಒಂದು. ಇಂಗ್ಲಿಷ್‌ನಾಗೂ ಈ ಎರಡು ಜಾತಿ ಅವ. ನಾಯಿ ಬೊಗಳೋ ‘ಬಾರ್ಕ್’ ಹಳೇ ಇಂಗ್ಲಿಷ್‌ದು, ಗಿಡದ ತೊಗಟಿ ‘ಬಾರ್ಕ್’ ಸ್ಕ್ಯಾಂಡಿನೇವಿಯಾ ಕಡಿ ಹಳೇ ನಾರ್ಸ್ ಭಾಷಾದಿಂದ ಬಂದಿದ್ದು, ಒಂದಕ್ಕೊಂದು ಸಂಬಂಧ ಇಲ್ಲ. ಇಂಥವು ಎದುರಾದ್ರ ಎರಡು ಬ್ಯಾರೆ ಪದ ಅಂತ ಬರಕೊಂಡು ಮುಂದ ನಡಿ, ಅವು ತ್ರಾಸ ಕೊಡಂಗಿಲ್ಲ. ತ್ರಾಸ ಕೊಡೋವು ಒಂದೇ ಮನಿ ಮಕ್ಕಳು, ಅಲ್ಲಿ ಬೇರು ಹಿಡೀಬೇಕು.

‘ಗೆಟ್’ ಹಿಡಿಯೋಣ. ಇದೂ ನಾರ್ಸ್‌ನವರದೇ. ಒಂಬತ್ತನೇ ಶತಮಾನದಾಗ ಸ್ಕ್ಯಾಂಡಿನೇವಿಯಾ ಕಡಿಂದ ವೈಕಿಂಗರು ಇಂಗ್ಲೆಂಡಿನ ಉತ್ತರ ಪೂರ್ವ ಭಾಗದಾಗ ಬಂದು ಊರು ಕಟ್ಕೊಂಡು ಕುಂತ್ರು, ಅಕ್ಕಪಕ್ಕದ ಮನಿಯಾಗ ಇದ್ದು ಇದ್ದು ಗೆಟ್, ಟೇಕ್, ಕಡಿಗಿ ‘ಅವರು’ ಅನ್ನೋದಕ್ಕ ‘ದೇ’ ಸುದ್ದಾ ಕೊಟ್ಟು ಹೋದ್ರು. ಗೆಟ್‌ನ ಬೇರು ಕೈಗಿ ಸಿಗೋದು. ಅದರ ಮುಂದ ಏನ್ ಬರ್ತದ ಅಷ್ಟು ನೋಡಿದ್ರ ಸಾಕು. ವಸ್ತು ಬಂದ್ರ ಸಿಗೋದು: ಗೆಟ್ ಎ ಲೆಟರ್, ಗೆಟ್ ಎ ಜಾಬ್. ಜಾಗ ಬಂದ್ರ ಮುಟ್ಟೋದು: ಗೆಟ್ ಹೋಮ್, ನಾವು ಮನಿ ಮುಟ್ಟಿದ್ಯಾ ಅಂತ ಕೇಳ್ತೀವಲ್ಲ ಹಂಗ. ಸ್ಥಿತಿ ಬಂದ್ರ ಆಗೋದು: ಗೆಟ್ ಓಲ್ಡ್, ಗೆಟ್ ಆಂಗ್ರಿ, ಮುದುಕಿ ಆಗೋದು, ಸಿಟ್ಟಿಗೇಳೋದು. ಸಿಗು, ಮುಟ್ಟು, ಆಗು. ದಿನಾ ಕೇಳೋ ಗೆಟ್‌ನಾಗ ಭಾಳಷ್ಟು ಈ ಮೂರರಾಗೇ ಮುಗೀತಾವ. ‘ಐ ಗೆಟ್ ಇಟ್’ ಅಂದ್ರ ತಿಳೀತು ಅಂತ, ಅದೂ ಸಿಗೋದೇ, ತಲಿಗಿ ಸಿಗೋದು. ‘ಟೇಕ್’ ಇನ್ನೂ ಸಸಾರ, ‘ಹೌ ಲಾಂಗ್ ವಿಲ್ ಇಟ್ ಟೇಕ್’ ಅಂದ್ರ ನಮ್ಮ ‘ಎಷ್ಟ್ ಟೈಮ್ ಹತ್ತತದ’, ಪದಕ್ಕ ಪದ ನಮ್ದೇ ಇದ್ದಂಗ ಅದ.

ಇನ್ನ ‘ಅಪ್’. ನಿಂಗ ಕಾಡಿದ್ದು ಇದು. ಅಪ್ ಅಂದ್ರ ಮ್ಯಾಲ ಅಂತ ಸಾಲಿಯೊಳಗ ಕಲ್ಸಿದ್ರು, ಅದು ಖರೇನೂ ಹೌದು, ಸ್ಟ್ಯಾಂಡ್ ಅಪ್ ಅಂದ್ರ ಏಳ್ತೀವಿ. ಆದ್ರ ‘ಈಟ್ ಅಪ್’ ಅಂದ್ರ ಮ್ಯಾಲ ತಿನ್ನೋದಲ್ಲ, ‘ಲಾಕ್ ಅಪ್’ ಅಂದ್ರ ಮ್ಯಾಲ ಕೀಲಿ ಹಾಕೋದಲ್ಲ. ಇಲ್ಲಿ ಅಪ್ ನಮ್ಮ ‘ಬಿಡು’ ಮಾಡೋ ಕೆಲಸ ಮಾಡ್ತದ. ತಿಂದ್ ಬಿಡು, ಕುಡದ್ ಬಿಡು, ಒರಸಿ ಬಿಡು. ಬಿಡು ಅಂದ್ರ ಕೈಬಿಡೋದು ಅಲ್ಲೇನು? ತಿಂದ್ ಬಿಡು ಅಂದಾಗ ಯಾರಾದ್ರೂ ತಾಟು ಬಿಟ್ಟು ಏಳ್ತಾರೇನು? ಇಲ್ಲ, ಪೂರಾ ಮುಗಿಸ್ತಾರ. ನಮ್ಮೂರ ದಖನಿ ಮಾತಾಡೋ ಮಂದಿನೂ ಹಂಗೇ, ‘ಖಾ ಲೇ’ ಅಂತಾರ, ತಿಂದು ತಗೋ ಅಂದಂಗ ಆತು, ತಗೊಳ್ಳೋದು ಏನೂ ಇಲ್ಲ ಅಲ್ಲಿ. ಕೆಲಸ ಪೂರಾ ಆತು ಅಂತ ತೋರ್ಸಲಾಕ ನಾವು ಬಿಡ್ತೀವಿ, ಅವರು ತಗೋತಾರ, ಇಂಗ್ಲಿಷ್‌ನವ ಮ್ಯಾಲ ಏರ್ತಾನ, ಮೂವರ ಮನಿಯಾಗೂ ತಾಟು ಖಾಲಿ. ಕೊಡ ತುಂಬಿ ನೀರು ಕಂಠದ ಮಟ ಮ್ಯಾಲ ಬಂತಂದ್ರ ತುಂಬೋ ಕೆಲಸ ಮುಗೀತು, ಮ್ಯಾಲ ಮುಟ್ಟೋದೂ ಮುಗಿಯೋದೂ ಹಿಂಗ ಜೋಡಿ ಆಗ್ಯಾವ ಅಂತ ನಾ ಹುಡುಗ್ರಿಗಿ ಹೇಳ್ತಿದ್ದೆ. ಯೂಸ್ ಅಪ್, ಡ್ರೈ ಅಪ್, ಕ್ಲೀನ್ ಅಪ್, ಟೈಮ್ ಈಸ್ ಅಪ್, ಎಲ್ಲಾ ಕಡಿ ‘ಬಿಡು’ ಹಚ್ಚಿ ನೋಡು. ಎಲ್ಲಾದಕ್ಕೂ ಹೊಂದಲ್ಲ, ಥ್ರೋ ಅಪ್‌ನಾಗ ಮ್ಯಾಲ ಅಂದ್ರ ಮ್ಯಾಲೇ, ಹೊಟ್ಟಿಯಾಗಿಂದ ಮ್ಯಾಲ ಬರ್ತದ, ವಾಂತಿ.

ಒಂದ್ ತಮಾಷಿ ಅಂದ್ರ ಅಪ್ ನಮ್ಮ ಮನಿಯಾಗ ಎಷ್ಟೋ ದಿನದಿಂದ ಅದ. ಪೊಲೀಸರ ಲಾಕಪ್, ಮದುವಿ ಮೇಕಪ್, ದವಾಖಾನಿ ಚೆಕಪ್, ಫೋನಿಗಿ ಟಾಪಪ್, ತೊಗರಿ ಚೀಲ ಹೊತ್ತು ಗಂಜ್ ಮಾರ್ಕೆಟ್ಟಿಗಿ ಬರೋ ಪಿಕಪ್ ಗಾಡಿ. ಮ್ಯಾಲಿಂದ ಆ ಗಾಡಿಗಿ ‘ಪಿಕಪ್ ಇಲ್ಲ’ ಅಂತ ಡ್ರೈವರ್ ಬೈತಾನ. ಒಂದು ಪದಕ್ಕ ಎರಡು ಅರ್ಥ, ಅಂವ ಯಾವ ಡಿಕ್ಷನರಿನೂ ನೋಡಿಲ್ಲ.

ನಿಂಗ ಟ್ಯಾಕಿಕಾರ್ಡಿಯಾ ಸುಲಭ ಆಗಿ ಥ್ರೋ ಅಪ್ ಕಠಿಣ ಆಗಿದ್ದಕ್ಕ ಕಾರಣ ನಿನ್ ದಡ್ಡತನ ಅಲ್ಲ. 1066ರಾಗ ನಾರ್ಮನ್ನರು ಇಂಗ್ಲೆಂಡ್ ಗೆದ್ರು, ಅವರು ಮಾತಾಡೋದು ಫ್ರೆಂಚ್. ಅಲ್ಲಿಂದ ಕೋರ್ಟು, ಜಡ್ಜು, ಪ್ರಿಜನ್ನು ಇಂಥ ದರ್ಬಾರಿನ ಪದ ಎಲ್ಲಾ ಫ್ರೆಂಚ್‌ನಿಂದ ಬಂದ್ವು, ಓದಿದವರ ಪದ ಲ್ಯಾಟಿನ್, ಗ್ರೀಕ್‌ನಿಂದ ಬಂದ್ವು. ಹೊಲ, ಅಡಿಗಿ ಮನಿ, ಕೂಸು ಮರಿ ನಡುವ ಹಳೇ ಸಣ್ಣ ಪದಗೋಳು ಹಂಗೇ ಉಳದ್ವು, ಉಳದು ಎಲ್ಲಾ ಕೆಲಸ ತಾವೇ ಮಾಡ್ಲಾಕತ್ವು. ಅದಕ್ಕೇ ಇಂಗ್ಲಿಷ್‌ನಾಗ ಒಂದೊಂದು ಮಾತಿಗಿ ಎರಡೆರಡು ಅಂಗಿ. ಟಾಲರೇಟ್ ಅಂದ್ರೂ ಅದೇ, ‘ಪುಟ್ ಅಪ್ ವಿತ್’ ಅಂದ್ರೂ ಅದೇ. ಪೋಸ್ಟ್‌ಪೋನ್ ಅಂದ್ರೂ ‘ಪುಟ್ ಆಫ್’ ಅಂದ್ರೂ ಒಂದೇ. ಎಕ್ಸ್‌ಟಿಂಗ್ವಿಶ್ ಅಂತ ಬರೀತಾರ, ಬೆಂಕಿ ಹತ್ತಿದಾಗ ‘ಪುಟ್ ಇಟ್ ಔಟ್’ ಅಂತ ಒದರ್ತಾರ. ನಮ್ಮಲ್ಲೂ ಹಂಗೇ, ‘ಸಹಿಸು’ ಅಂತ ಪುಸ್ತಕದಾಗ ಇರ್ತದ, ಅತ್ತಿ ಮಾತು ‘ತಡಕೊಂಡೆ’ ಅಂತ ಬಾಯಾಗ ಇರ್ತದ. ದೊಡ್ಡ ಪದಕ್ಕ ಒಂದೇ ಅರ್ಥ, ಪರದೇಶದಾಗೂ ಅದೇ ಅರ್ಥ, ಸಾಲಿಯಾಗ ಕಲೀಬಹುದು. ಸಣ್ಣ ಪದ ಮನಿ ಮಾತು, ಪೇಷಂಟ್ ಮನಿ ಮಾತೇ ಆಡ್ತಾರ, ನೋವಿನಾಗ ಯಾರೂ ಲ್ಯಾಟಿನ್ ಆಡಂಗಿಲ್ಲ.

‘ಆಫ್’ ಬಗ್ಗಿ ಹುಡುಗ್ರು ಯಾವತ್ತೂ ಕೇಳೋ ಪ್ರಶ್ನಾ ಒಂದದ. ಲೈಟ್ ವೆಂಟ್ ಆಫ್ ಅಂದ್ರ ಲೈಟ್ ಹೋತು, ಅಲಾರ್ಮ್ ವೆಂಟ್ ಆಫ್ ಅಂದ್ರ ಅಲಾರ್ಮ್ ಹೊಡೀತು. ಒಂದು ಸತ್ತಿತು, ಒಂದು ಎದ್ದಿತು, ಪದ ಒಂದೇ. ಆಫ್‌ನ ಬೇರು ಇದ್ದ ಜಾಗ ಬಿಟ್ಟು ದೂರ ಆಗೋದು. ‘ಆಫ್’ ಮತ್ತ ‘ರಾಜನ ಮಗ’ ಅನ್ನೋದ್ರಾಗಿನ ‘ನ’ ಅರ್ಥದ ‘ಆವ್’ ಮೊದಲ ಒಂದೇ ಪದ ಆಗಿದ್ವು, ಜೋರ್ ಕೊಟ್ಟು ಹೇಳಿದ್ದು ಆಫ್ ಆತು, ಹಗುರ ಹೇಳಿದ್ದು ಆವ್ ಆತು, ಆಮ್ಯಾಲ ಬರಿಯೋದೂ ಬ್ಯಾರೆ ಆತು. ಲೈಟು ಉರಿಯೋ ಸ್ಥಿತಿ ಬಿಟ್ಟು ಹೋತು. ಅಲಾರ್ಮು, ಬಂದೂಕು, ಪಟಾಕಿ ಸುಮ್ಮ ಕುಂತ ಸ್ಥಿತಿ ಬಿಟ್ಟು ಹೋದ್ವು. ಮೊದಲ ಎಲ್ಲಿತ್ತು ಅಂತ ಕೇಳ್ಕೊ, ಉತ್ತರ ತಾನೇ ಬರ್ತದ. ‘ಔಟ್’ ಕೂಡ ಹಂಗೇ, ಸ್ಟಾರ್ಸ್ ಆರ್ ಔಟ್ ಅಂದ್ರ ಚಿಕ್ಕಿ ಮೂಡ್ಯಾವ, ಫೈರ್ ಈಸ್ ಔಟ್ ಅಂದ್ರ ಬೆಂಕಿ ಆರ್ಯದ. ಚಿಕ್ಕಿ ಮರಿಯಾಗಿಂದ ಹೊರಗ ಬಂದ್ವು, ಬೆಂಕಿ ಇರೋದ್ರಿಂದ ಹೊರಗ ಹೋತು. ನಾವೂ ‘ಹೋತು’ ಅಂತ ಒಂದೇ ಪದದಾಗ ಕರೆಂಟನ್ನೂ ಕಳಿಸ್ತೀವಿ, ಜೀವಾನೂ ಕಳಿಸ್ತೀವಿ, ಮಾನಾನೂ ಕಳಿಸ್ತೀವಿ.

‘ಫಾಸ್ಟ್’ ಪದದ ಮ್ಯಾಲ ನಂಗ ಸ್ವಲ್ಪ ಮೋಹ ಜಾಸ್ತಿ, ಪರೀಕ್ಷಾಕ್ಕ ಬರಲ್ಲ, ಆದ್ರೂ ಕೇಳು. ಹಳೇ ಇಂಗ್ಲಿಷ್‌ನಾಗ ಇದರ ಅರ್ಥ ಗಟ್ಟಿ, ಅಲುಗದಂಗ. ಸ್ಟಕ್ ಫಾಸ್ಟ್ ಅಂದ್ರ ಈಗೂ ಗಟ್ಟಿಯಾಗಿ ಸಿಕ್ಕೊಂಡದ ಅಂತ. ಹಂಗಿದ್ರ ಲಗೂ ಓಡೋದು ಹ್ಯಾಂಗ ಫಾಸ್ಟ್ ಆತು? ಗಟ್ಟಿ, ಅಲ್ಲಿಂದ ಬಲ ಹಾಕಿ, ಅಲ್ಲಿಂದ ಬಲ ಹಾಕಿ ಓಡೋದು, ಅಲ್ಲಿಂದ ಲಗೂ. ಉಪವಾಸದ ಫಾಸ್ಟ್ ಕೂಡ ಅದೇ ಬೇರಿಂದು, ನೇಮ ಗಟ್ಟಿ ಹಿಡಿಯೋದು, ಅದನ್ನ ಮುರಿಯೋದು ಬ್ರೇಕ್‌ಫಾಸ್ಟು. ನಂಬಿಕಿ ಬರಲಿಲ್ಲಂದ್ರ ನಮ್ಮ ‘ಜೋರ್’ ನೋಡು. ಫಾರ್ಸಿಯೊಳಗ ಜೋರ್ ಅಂದ್ರ ಬಲ. 1347ರಾಗ ಬಹಮನಿಯವರು ಕಲಬುರಗಿ ರಾಜಧಾನಿ ಮಾಡ್ಕೊಂಡ್ರು, ಮುಂದ ನಿಜಾಮರ ಕಾಲ 1948ರ ತನಕ, ಇಷ್ಟು ದಿನ ಫಾರ್ಸಿ ಉರ್ದು ಕೂಡ ಬಾಳ್ವಿ ಮಾಡಿದ ಮಂದಿ ನಾವು. ಈಗ ಜೋರ್ ಮಳಿ, ಜೋರ್ ಮಾತಾಡಬ್ಯಾಡ, ಗಾಡಿ ಜೋರ್ ಹೊಡಿಬ್ಯಾಡ. ಬಲ ಹೋಗಿ ಸದ್ದೂ ಆತು, ವೇಗಾನೂ ಆತು. ಇಂಗ್ಲೆಂಡಿನಾಗ ಫಾಸ್ಟ್ ನಡದ ದಾರಿಯೊಳಗೇ ನಮ್ಮೂರಾಗ ಜೋರ್ ನಡದದ. ‘ಫೈನ್’ ಕೂಡ ಹಿಂಗೇ, ಛಲೋ ಅನ್ನೋ ಫೈನೂ ಹೆಲ್ಮೆಟ್ ಇಲ್ಲದ್ದಕ್ಕ ಕಟ್ಟೋ ಫೈನೂ ಎರಡೂ ಲ್ಯಾಟಿನ್‌ನ ‘ಕೊನಿ’ ಅನ್ನೋ ಪದದಿಂದ ಬಂದಾವ, ಕೊನಿತನ ತಿದ್ದಿ ತೀಡಿದ್ದು ಛಲೋ ಫೈನು, ಜಗಳ ಕೊನಿ ಮಾಡ್ಲಾಕ ಕಟ್ಟಿದ ರೊಕ್ಕ ಇನ್ನೊಂದು ಫೈನು.

ಇಷ್ಟೊತ್ತು ನಮ್ಮ ಕನ್ನಡ ಸಹಾಯ ಮಾಡ್ತದ ಅಂದೆ. ಕೈ ಕೊಡೋದೂ ಅದೇ, ಅದನ್ನೂ ಹೇಳ್ಬೇಕು. ವಯಸ್ಸಿದ್ದಾಗ ನಂಗೊಂದು ಇಂಟರ್‌ವ್ಯೂ ಕಾಗದ ಬಂದಿತ್ತು, ಅದೇ ದಿನ ಅಕ್ಕನ ಮದುವಿ. ಇಂಟರ್‌ವ್ಯೂ ಮುಂದ ಹಾಕ್ರಿ ಅಂತ ಕೇಳಲಾಕ ‘ಕೈಂಡ್ಲಿ ಪುಟ್ ಫಾರ್ವರ್ಡ್ ಮೈ ಇಂಟರ್‌ವ್ಯೂ’ ಅಂತ ಬರದೆ, ಮುಂದ ಅಂದ್ರ ಫಾರ್ವರ್ಡ್, ಹಾಕು ಅಂದ್ರ ಪುಟ್, ಮತ್ತೇನು ಬೇಕು. ಆ ಕಡಿಂದ ನೀವು ಯಾವ ಸಲಹಾ ಮುಂದಿಡ್ಲಾಕತ್ತೀರಿ ತಿಳಿಸ್ರಿ ಅಂತ ಉತ್ತರ ಬಂತು. ಪುಟ್ ಫಾರ್ವರ್ಡ್ ಅಂದ್ರ ಪ್ರಸ್ತಾಪ ಇಡೋದು, ದಿನದ ಬಗ್ಗಿ ಆಡಿದ್ರ ಇನ್ನೂ ಹಿಂದಿನ ದಿನಕ್ಕ ತರೋದು ಆಗ್ತದ. ನಾ ಬರೀಬೇಕಾಗಿದ್ದು ಪುಟ್ ಆಫ್. ಇಂಟರ್‌ವ್ಯೂನೂ ಹೋತು, ಮದುವಿಯಾಗ ಎಲ್ಲಾರೂ ನಕ್ಕಿದ್ದೇ ಬಂತು. ಪೇಷಂಟಿನ ಅಪಾಯಿಂಟ್‌ಮೆಂಟ್ ವಿಷಯದಾಗ ನೀ ಈ ತಪ್ಪು ಮಾಡಬ್ಯಾಡ.

‘ಪಾಸ್ ಔಟ್’ ನಿಂಗ ತಿಳಿಯದೇ ಇದ್ದಿದ್ದು ಯಾಕ ಅಂತ ಹೇಳ್ಲೇನು, ನಿಂಗ ಅದು ತಿಳಿದಿತ್ತು, ಬ್ಯಾರೆ ಅರ್ಥ ತಿಳಿದಿತ್ತು. ನಮ್ಮ ಹುಡುಗ್ರು ‘ಐ ಪಾಸ್ಡ್ ಔಟ್ ಇನ್ 2022’ ಅಂತ ಬಯೋಡಾಟಾದಾಗ ಬರೀತಾರ, ಕಾಲೇಜ್ ಮುಗಿಸಿದೆ ಅಂತ. ಅಲ್ಲಿನ ಮಂದಿ ಓದಿದ್ರ ಆ ವರ್ಷ ಎಚ್ಚರ ತಪ್ಪಿ ಬಿದ್ದೆ ಅಂದಂಗ ಆಗ್ತದ. ಗ್ರ್ಯಾಜುಯೇಟೆಡ್ ಅನ್ನು. ‘ಪಾಸ್ ಅವೇ’ ಅಂದ್ರ ತೀರಿಕೊಳ್ಳೋದು, ವಾರ್ಡಿನಾಗ ಈ ಎರಡು ಅದಲು ಬದಲು ಆದ್ರ ಏನಾಗ್ತದ ನೀನೇ ವಿಚಾರ ಮಾಡು. ‘ಕೋಪ್ ಅಪ್ ವಿತ್’ ಅಂತಾರ ನಮ್ಮ ಕಡಿ, ಅಲ್ಲಿ ಅಪ್ ಇಲ್ಲ, ಕೋಪ್ ವಿತ್ ಅಷ್ಟೇ. ‘ಆಫ್ ದ ಫ್ಯಾನ್’ ಅಲ್ಲ, ಟರ್ನ್ ಆಫ್, ನಾವು ಆಫ್ ಮಾಡು ಅಂತ ಆಫ್ ಮುಂದ ‘ಮಾಡು’ ಹಚ್ಚಿ ರೂಢಿ ಆಗಿ ಇಂಗ್ಲಿಷ್‌ನಾಗ ಆ ಮಾಡು ಎಲ್ಲೋ ಬಿದ್ದು ಹೋಗ್ತದ. ಬಸ್ಸಿಂದ ಗೆಟ್ ಡೌನ್ ಅಂತೀವಿ, ಅವರು ಬಸ್ಸಾದ್ರ ಗೆಟ್ ಆಫ್, ಕಾರು ಆಟೋ ಆದ್ರ ಗೆಟ್ ಔಟ್ ಆವ್ ಅಂತಾರ. ಎದ್ದು ನಿಂತು ಅಡ್ಡಾಡೋ ಗಾಡಿ ಆದ್ರ ಮ್ಯಾಲ ಇದ್ದಂಗ, ಮುದುಡಿ ಕೂಡೋ ಗಾಡಿ ಆದ್ರ ಒಳಗ ಇದ್ದಂಗ. ಹನ್ನೆರಡು ಮಂದಿ ತುಂಬಿದ ನಮ್ಮ ಟಂಟಂ ಆಟೋ ಯಾವ ಲೆಕ್ಕಕ್ಕ ಬರ್ತದ ಅಂತ ಒಬ್ಬ ಹುಡುಗ ಕೇಳಿದ್ದ, ಆ ಪ್ರಶ್ನಾಕ್ಕ ನನ್ ಹತ್ರ ಇನ್ನೂ ಉತ್ತರ ಇಲ್ಲ.

ಎಲೆಕ್ಷನ್ ವಿಷಯದಾಗ ಮಾತ್ರ ನಾವೂ ಬ್ರಿಟಿಷರೂ ಒಂದೇ ಕಡಿ, ಸ್ಟ್ಯಾಂಡ್ ಅಂತಾರ ಅವರು, ನಿಂತಾನ ಅಂತೀವಿ ನಾವು. ಅಮೆರಿಕಾದವ್ರು ರನ್ ಅಂತಾರ, ಓಡ್ತಾರ.

ಓದೋದು ಹ್ಯಾಂಗ ಅಂತ ನೀ ಕೇಳಿಲ್ಲ, ಆದ್ರೂ ಮಾಸ್ತರ ಬುದ್ಧಿ ಬಿಡಲ್ಲ. ಗೆಟ್ ಕೆಳಗ ನೂರು, ಪುಟ್ ಕೆಳಗ ನೂರು ಅಂತ ಪಟ್ಟಿ ಮಾಡೋ ಗೈಡುಗೋಳು ಬರ್ತಾವ, ಅವನ್ನ ದೂರ ಇಡು. ದವಾಖಾನಿಗಿ ಬೇಕಾಗಿದ್ದು ಒಂದು ನಲವತ್ತು ಐವತ್ತು ಅವ ಅಷ್ಟೇ, ಅವನ್ನ ಬೆನ್ನಿಗಿ ಬರೋ ಅಪ್, ಔಟ್, ಆಫ್ ಅನ್ನೋ ಬಾಲದ ಮ್ಯಾಲ ಗುಂಪು ಮಾಡು. ಆಫ್ ಗುಂಪಿನಾಗ ‘ವೇರ್ ಆಫ್’ ಬರ್ತದ, ಮಂಪರಿನ ಇಂಜೆಕ್ಷನ್ ಪವರ್ ಇಳಿಯೋದು. ಔಟ್ ಗುಂಪಿನಾಗ ‘ಬ್ರೇಕ್ ಔಟ್ ಇನ್ ಎ ರ‍್ಯಾಶ್’, ಮೈ ಮ್ಯಾಲ ಗುಳ್ಳಿ ಏಳೋದು. ‘ಕಮ್ ರೌಂಡ್’ ಅಂದ್ರ ಎಚ್ಚರ ಬರೋದು, ನಮ್ಮಲ್ಲಿ ಎಚ್ಚರ ಬರ್ತದ, ಅವರಲ್ಲಿ ಮನುಷ್ಯಾನೇ ಸುತ್ತ ಹಾಕಿ ಬರ್ತಾನ. ‘ಗೆಟ್ ಓವರ್’ ಜಡ್ಡಿನಿಂದ ಚೇತರಿಸ್ಕೊಳ್ಳೋದು, ದಾಟಿ ಬರೋದು ಅಂತ ಚಿತ್ರ ಇಟ್ಕೊ. ಪ್ರತಿಯೊಂದರ ಎದುರು ಪುಸ್ತಕದ ಕನ್ನಡ ಬರೀಬ್ಯಾಡ, ನಿಮ್ಮವ್ವ ಏನಂತಾಳ ಅದನ್ನ ಬರಿ. ಪುಟ್ ಅಪ್ ವಿತ್ ಎದುರು ‘ಸಹಿಸಿಕೊಳ್ಳುವುದು’ ಅಂತ ಬರದ್ರ ನೆನಪಿರಲ್ಲ, ‘ತಡಕೊ’ ಅಂತ ಬರದ್ರ ಇರ್ತದ.

ಜಾಗದ ಬಗ್ಗಿ ಒಂದು ಮಾತು. ‘ಅದನ್ನ’ ಅನ್ನೋ ಇಟ್ ಬಂದ್ರ ಎಷ್ಟೋ ಕಡಿ ನಡುವ ಕೂಡಬೇಕು, ಪುಟ್ ಇಟ್ ಆಫ್, ಟೇಕ್ ಇಟ್ ಔಟ್. ಪುಟ್ ಆಫ್ ಇಟ್ ಅಂತ ಯಾರೂ ಅನ್ನಂಗಿಲ್ಲ. ಲುಕ್ ಆಫ್ಟರ್, ಗೆಟ್ ಓವರ್, ಪುಟ್ ಅಪ್ ವಿತ್ ಇವು ಒಡಿಯಂಗಿಲ್ಲ, ಅಲ್ಲಿ ಇಟ್ ಕಡಿಗೇ. ಇದಕ್ಕ ಕನ್ನಡದಾಗ ಜೋಡಿ ಇಲ್ಲ, ಬಾಯಿಗಿ ರೂಢಿ ಆಗೋ ತನಕ ಅಂದು ಅಂದು ನೋಡ್ಬೇಕು.

ಇನ್ನ ನಿನ್ ರೋಲ್‌ಪ್ಲೇ. ಆಕಿ ಎರಡು ಸಲ ವಾಂತಿ ಆತು, ಆಮ್ಯಾಲ ಎಚ್ಚರ ತಪ್ಪಿತು ಅಂದ್ಲು. ಮುಂದಿನ ಸಲ ಸುಮ್ಮ ನಿಲ್ಲಬ್ಯಾಡ, ‘ಡಿಡ್ ಯು ಬ್ರಿಂಗ್ ಅಪ್ ಎನಿ ಬ್ಲಡ್’, ಅಂದ್ರ ವಾಂತಿಯಾಗ ರಕ್ತ ಬಂತೇನು ಅಂತ ಕೇಳು, ಅದರ ಬೆನ್ನಿಗೇ ‘ಹೌ ಲಾಂಗ್ ವರ್ ಯು ಔಟ್’ ಅಂತ ಕೇಳು. ಔಟ್ ಅಂದ್ರ ಅಲ್ಲಿ ಮನಿ ಹೊರಗ ಎಷ್ಟೊತ್ತಿದ್ದಿ ಅಂತ ಅಲ್ಲ ಅನ್ನೋದು ಈಗ ನಿಂಗ ಗೊತ್ತದ.